ಕಟ್ಟೆಯ ಮಟ್ಟವೂ ನೂಲಿನ ಗೆರೆಯೂ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮುಂಗಾರು ಹಿಡಿಯಿತೆಂದರೆ ನಮ್ಮೆಲ್ಲರ ಕಣ್ಣೂ ಪತ್ರಿಕೆಯ ಒಂದು ಮೂಲೆಯ ಮೇಲೆ: ಕನ್ನಂಬಾಡಿ ಕಟ್ಟೆಯ ಮಟ್ಟ ಈ ದಿನ ಎಷ್ಟು ಅಡಿ? ಆ ಅಂಕಿಯನ್ನು ನೋಡಿ ಒಟ್ಟಲು ಹಾಕುವವರುಂಟು, ಸಾಲ ಎತ್ತುವವರೂ ಉಂಟು. ಆದುದರಿಂದ ಅದರಿಂದ ಮುಂದಿನದನ್ನು ಹೇಗೆ ಅಂದಾಜು ಮಾಡಬಹುದು, ಎಲ್ಲಿ ಮಾಡಬಾರದು ಎಂಬುದನ್ನು ಅರಿಕೆ ಮಾಡುತ್ತೇನೆ.

ಮಟ್ಟ 100 ಅಡಿ ಇದ್ದಾಗ ಕಟ್ಟೆಯಲ್ಲಿರುವುದು ಸುಮಾರು 23 ಟಿ.ಎಂ.ಸಿ. ನೀರು. ಪೂರ್ಣ ಮಟ್ಟ 124.80 ಅಡಿ. "ನೂರಕ್ಕೆ ಇಪ್ಪತ್ತಮೂರಾದರೆ ನೂರಿಪ್ಪತ್ತೈದಕ್ಕೆ ಇಪ್ಪತ್ತೊಂಬತ್ತು" ಎಂದರೆ ಲೆಕ್ಕ ಕೆಟ್ಟಿತು. ತುಂಬಿದ ಕಟ್ಟೆಯಲ್ಲಿರುವುದು 49.45 ಟಿ.ಎಂ.ಸಿ. ಕಣಿವೆ ತಳದಲ್ಲಿ ಕಿರಿದು, ಮೇಲೆ ಅಗಲ. ಅರ್ಧಕ್ಕಿಂತ ಹೆಚ್ಚು ನೀರು ಮೇಲಿನ 25 ಅಡಿಯಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ಮಾಡುವುದೇನು? ಗ್ರಾಫ್ ಕಾಗದದ ಮೇಲೆ ಅಡ್ಡಲಾಗಿ ಅಡಿಗಳನ್ನೂ ಮೇಲ್ಮುಖವಾಗಿ ಟಿ.ಎಂ.ಸಿ.ಯನ್ನೂ ಗುರುತಿಸಿ. 100 ಅಡಿಯಿಂದ ಮೇಲಕ್ಕೆ ದಿನದಿನದ ಅಂಕಿಗೆ ಒಂದೊಂದು ಚುಕ್ಕೆ ಇಡಿ. ಚುಕ್ಕೆಗಳು ಮೇಲೂ ಕೆಳಗೂ ಸಮನಾಗಿ ಬರುವಂತೆ ಒಂದು ನೂಲನ್ನು ಬಿಗಿಯಾಗಿ ಹಿಡಿಯಿರಿ. ಗಣಿತ ಬಲ್ಲವರು ಚುಕ್ಕೆಗೂ ಗೆರೆಗೂ ಇರುವ ಅಂತರಗಳ ವರ್ಗಗಳನ್ನು ಕೂಡಿಸಿ, ಆ ಮೊತ್ತ ಅತಿ ಕಡಿಮೆಯಾಗುವಂತೆ ಗೆರೆ ಎಳೆಯುತ್ತಾರೆ. ನಮಗೆ ನೂಲು ಸಾಕು. ಅದು ಹೇಳುವುದಿಷ್ಟು: ಒಂದು ಅಡಿಗೆ ಒಂದು ಟಿ.ಎಂ.ಸಿ.ಗಿಂತ ತುಸು ಹೆಚ್ಚು. 11,574 ಕ್ಯೂಸೆಕ್ಸ್ ನೀರು ಹಗಲಿರುಳು ಬಂದರೆ ಒಂದು ಟಿ.ಎಂ.ಸಿ. ಹೊರಹರಿವು ಕಳೆದು ಅಷ್ಟು ಉಳಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಅಡಿ ಏರುತ್ತದೆ.

ಅದೇ ನೂಲನ್ನು ಕೆಳಕ್ಕೆ ಎಳೆದು ನೋಡಿ. 80 ಅಡಿಯ ಹತ್ತಿರವೇ ಕಟ್ಟೆ ಬರಿದಾಯಿತೆನ್ನುತ್ತದೆ! ಅಲ್ಲಿ ನೀರು ಇನ್ನೂ ಇರುತ್ತದೆ. ಚುಕ್ಕೆ ಇಲ್ಲದ ಕಡೆ ನೂಲನ್ನು ನಂಬಬೇಡಿ.

ಇನ್ನು, ಕಳೆದ ವಾರ ದಿನಕ್ಕೊಂದು ಅಡಿ ಏರಿತೆಂದು ಮುಂದಿನ ವಾರವೂ ಏರಬೇಕೆಂದಿಲ್ಲ. ಕೊಡಗಿನ ಮಳೆ ನೂಲಿಗೆ ಗೊತ್ತಿಲ್ಲ. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತು. 2023ರಲ್ಲಿ ತುಂಬಲೇ ಇಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಯ ರೈತರು ಒಟ್ಟಲು ಹಾಕುವ ಮುನ್ನ ನೀರಾವರಿ ಸಲಹಾ ಸಮಿತಿಯ ತೀರ್ಮಾನವನ್ನು ಕೇಳಿಕೊಳ್ಳಬೇಕು. ನಾನಾಗಿದ್ದರೆ ಬಿತ್ತನೆ ರಾಗಿಯನ್ನೂ ಮನೆಯಲ್ಲಿಟ್ಟುಕೊಂಡಿರುತ್ತಿದ್ದೆ.

ಕೃಷ್ಣರಾಜಪೇಟೆ, ನಾಗಮಂಗಲದ ಹೇಮಾವತಿ ನಾಲೆಯವರು ಈ ಗೆರೆಯನ್ನು ಹೊತ್ತುಕೊಂಡು ಹೋಗಬಾರದು. ಗೊರೂರು ಅಣೆಕಟ್ಟೆಯ ಮಟ್ಟವನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. ತುಂಬಿದಾಗ 2,922 ಅಡಿ, ನೀರು 37.10 ಟಿ.ಎಂ.ಸಿ. ಅದಕ್ಕೆ ಬೇರೆ ಕಾಗದ, ಬೇರೆ ಚುಕ್ಕೆಗಳು. ಕಾಗದ ಸಿಕ್ಕದಿದ್ದರೆ ಹೈಸ್ಕೂಲಿಗೆ ಹೋಗುವ ಮಕ್ಕಳ ಚೀಲದಲ್ಲಿ ಹುಡುಕಿರಿ.