ಟೇಪು ಎಲ್ಲಿಂದ ಹಿಡಿಯಬೇಕು?



ಬೆಂಗಳೂರಿನಲ್ಲಿ ನಿವೇಶನ ನೋಡಲು ಹೋದವರು ಖಾತೆ ಕೇಳುತ್ತಾರೆ, ಕಾವೇರಿ ನೀರು ಕೇಳುತ್ತಾರೆ. ಮಳೆನೀರಿನ ದಾರಿ ಯಾವುದೆಂದು ಕೇಳುವವರು ಕಡಿಮೆ.

ಇಲ್ಲಿನ ಕೆರೆಗಳು ಬಿಡಿಬಿಡಿಯಾಗಿರಲಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತಿತ್ತು. ಈ ದಾರಿ ಉಳಿಸಲೆಂದೇ, 2007ರಲ್ಲಿ ಜಾರಿಗೆ ಬಂದ ಅಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್ ಕೆರೆಯ ಸುತ್ತ 30 ಮೀಟರ್, ಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಖಾಲಿ ಬಿಡಬೇಕೆಂದಿತು. ಆದರೆ ಕಾಲುವೆಯ ಅಳತೆ ಅದರ ನಡುಮಧ್ಯದಿಂದ! ದೊಡ್ಡ ಕಾಲುವೆ 20 ಮೀಟರ್ ಅಗಲವಿದ್ದರೆ 10 ಮೀಟರ್ ಕಾಲುವೆಯೊಳಗೇ ಮುಗಿಯಿತು. ದಡದಲ್ಲಿ ಉಳಿಯುವುದು 40 ಮಾತ್ರ.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಮೀಟರ್ ಎಂದಿತು. ಅಳತೆ ಅಂಚಿನಿಂದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಶಾಸನಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲ ಎಂಬುದು ಕಾರಣ. ಕಾನೂನಿನ ಮಾತು ಸರಿಯೇ ಇರಬಹುದು. ಎಷ್ಟು ಜಾಗ ಬಿಟ್ಟರೆ ನೀರಿಗೆ ಸಾಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಹಿಂದೆಯೇ ಒತ್ತುವರಿ ತೆರವಿಗೆ ಜೆಸಿಬಿ ಬಂತು. ಗೋಡೆ ಕಳೆದುಕೊಂಡ ಕೆಲವರು ಮಂಜೂರಾದ ನಕ್ಷೆಯನ್ನೇ ಹಿಡಿದು ನಿಂತಿದ್ದರು. ಮಂಜೂರು ಮಾಡಿದವರ ಮನೆಗೇನೂ ಜೆಸಿಬಿ ಹೋಗಲಿಲ್ಲ.

ಆದ್ದರಿಂದ ಮುಂಗಡ ಕೊಡುವ ಮುನ್ನ ಹಳೆಯ ಗ್ರಾಮ ನಕ್ಷೆಯನ್ನು ತೆಗೆಸಿ ನೋಡಿ. ನಿಮ್ಮ ಸರ್ವೆ ನಂಬರಿನ ಪಕ್ಕ ಕಾಲುವೆಯ ಗೆರೆ ಇದ್ದರೆ, ನೀವೇ ಟೇಪು ಹಿಡಿದು ಅಳೆಯಿರಿ. ನಡುವಿನಿಂದಲೂ ಅಳೆಯಿರಿ, ಅಂಚಿನಿಂದಲೂ ಅಳೆಯಿರಿ.