ಕೂಡಿ ಬಾಳುವವರ ವಿಜ್ಞಾನ ಕಥೆಗಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಸೊಸಾಯಿಟಿಯ ಹಬ್ಬದಾಗ ವಿಜ್ಞಾನ ಕಥೆಗಳ ಮಾತು ಯಾಕ್ರೀ ಅಂತ ಕೆಲವರಿಗೆ ಅನಿಸಬಹುದು. ಕಾರಣ ಇದೆ. ನಮ್ಮ ಹುಡುಗರು ನೋಡುವ ಸಿನಿಮಾದಲ್ಲಿ ಒಬ್ಬ ಹೀರೋ ಬರುತ್ತಾನೆ, ನೂರು ಮಂದಿಯನ್ನು ಬಡಿಯುತ್ತಾನೆ, ಊರು ಉದ್ಧಾರವಾಗುತ್ತದೆ. ಉಳಿದವರು ನಿಂತು ನೋಡುತ್ತಾರೆ. ಸಂಘಗಳು ಕೆಡುವುದೂ ಹೀಗೆಯೇ. ‘ಎಲ್ಲಾ ಸಾಹೇಬ್ರು ನೋಡ್ಕೋತಾರ ಬಿಡ್ರಿ’ ಅಂತ ಶೇರುದಾರರು ಸರ್ವಸಾಧಾರಣ ಸಭೆಗೂ ಬರುವುದಿಲ್ಲ. ಅದಕ್ಕಾಗಿ, ಕೂಡಿ ದುಡಿಯುವವರ ಕಥೆ ಹೇಳುವ ನಾಲ್ಕು ಪುಸ್ತಕಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ನಮ್ಮದೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರಲ್ಲಿ ಬಂದದ್ದು. ಹಾರುವ ಓತಿಯ ಹುಡುಕಾಟದ ಕಥೆ. ಕರ್ವಾಲೊ ದೊಡ್ಡ ವಿಜ್ಞಾನಿ. ಆದರೆ ಊರವರು ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣನ ಕಣ್ಣು, ಕಿವಿ ಇಲ್ಲದಿದ್ದರೆ ಆ ಹುಡುಕಾಟ ನಡೆಯುತ್ತಿರಲಿಲ್ಲ. ಓದಿದವರ ತಿಳಿವಳಿಕೆ, ಓದದವರ ತಿಳಿವಳಿಕೆ ಎರಡೂ ಒಂದೇ ಪಂಕ್ತಿಯಲ್ಲಿ ಕೂಡುತ್ತವೆ. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯರನ್ನು ಶರಣರ ಸಾಲಿನಲ್ಲಿ ಕಂಡ ಬಸವಣ್ಣನ ನಾಡಿನವರಿಗೆ ಇದು ಹೊಸದಲ್ಲ.

ಎರಡನೆಯದು ‘ಸುಲ್ತಾನಾಳ ಕನಸು’. ಬರೆದವರು ಬಂಗಾಳದ ರೊಕೆಯಾ ಬೇಗಂ. ಮದರಾಸಿನ ಪತ್ರಿಕೆಯೊಂದರಲ್ಲಿ ಇದು ಅಚ್ಚಾದದ್ದು 1905ರಲ್ಲಿ. ಅದೇ ವರ್ಷ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು ಎಂಬುದನ್ನು ನೆನಪಿಡಿರಿ. ಈ ಕಥೆಯ ನಾಡಿನಲ್ಲಿ ಆಡಳಿತ ಹೆಣ್ಣುಮಕ್ಕಳದು, ಗಂಡಸರು ಮನೆಯೊಳಗೆ. ಹೆಣ್ಣುಮಕ್ಕಳ ವಿಶ್ವವಿದ್ಯಾಲಯದವರು ಮೋಡದಿಂದಲೇ ನೀರು ಎಳೆಯುತ್ತಾರೆ, ಬಿಸಿಲಿನ ಶಾಖದಿಂದ ಅಡಿಗೆ ಮಾಡುತ್ತಾರೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರುವ ನಮ್ಮ ಸೀಮೆಯ ತಾಯಂದಿರು ಕೇಳಲೇಬೇಕಾದ ಕಥೆ ಇದು.

ಮೂರನೆಯದು ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ದಿ ಡಿಸ್‌ಪೊಸೆಸ್ಡ್’, 1974ರದು. ನನಗೆ ಇದರ ಮೇಲೆ ಹೆಚ್ಚು ಪ್ರೀತಿ. ಅನಾರೆಸ್ ಎಂಬ ಬರಡು ಲೋಕ. ಅಲ್ಲಿ ಭೂಮಾಲೀಕರಿಲ್ಲ, ಸರಕಾರವಿಲ್ಲ. ಬರ ಬಿದ್ದಾಗ ಇದ್ದುದನ್ನೇ ಎಲ್ಲರೂ ಹಂಚಿ ಉಣ್ಣುತ್ತಾರೆ. ಆದರೆ ಲೇಖಕಿ ಸುಮ್ಮನೆ ಹೊಗಳಿ ಬಿಡುವುದಿಲ್ಲ. ಆಸ್ತಿಯೇ ಇಲ್ಲದ ಆ ಸಮಾಜದಲ್ಲೂ ಅಧಿಕಾರದ ಆಸೆ ಸದ್ದಿಲ್ಲದೆ ನುಸುಳುತ್ತದೆ. ಹಿರಿಯ ವಿದ್ವಾಂಸನೊಬ್ಬ ಕಿರಿಯ ವಿಜ್ಞಾನಿ ಶೆವೆಕ್‌ನ ಕೃತಿಗೆ ತನ್ನ ಹೆಸರನ್ನೂ ಸೇರಿಸುತ್ತಾನೆ. ಎದುರು ಮಾತಾಡಿದವರನ್ನು ಮಂದಿ ದೂರ ಇಡುತ್ತಾರೆ. ಇದಕ್ಕೆ ಶೆವೆಕ್ ಕಂಡ ದಾರಿ ಅಂದರೆ, ತನ್ನ ಶೋಧವನ್ನು ಯಾರಿಗೂ ಮಾರದೆ ಎಲ್ಲರಿಗೂ ಕೊಟ್ಟುಬಿಡುವುದು. ಸಹಕಾರ ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವ ಕೆಲಸವಲ್ಲ, ದಿನಾ ಕಾಯಬೇಕಾದ ಬೆಳೆ ಅಂತ ಈ ಕಾದಂಬರಿ ಹೇಳುತ್ತದೆ. ಸಂಘದ ಪದಾಧಿಕಾರಿಗಳೂ ಸದಸ್ಯರೂ ಓದಬೇಕು.

ನಾಲ್ಕನೆಯದು ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’, 2020ರದು. ಉತ್ತರ ಪ್ರದೇಶದ ಭೀಕರ ಬಿಸಿಗಾಳಿಯಿಂದ ಕಥೆ ಸುರುವಾಗುತ್ತದೆ. ಮುಂದೆ ಅಧಿಕಾರಿಗಳು, ವಿಜ್ಞಾನಿಗಳು, ನಿರಾಶ್ರಿತರು ಎಲ್ಲರ ದನಿಯೂ ಬರುತ್ತದೆ. ಸ್ಪೇನ್ ದೇಶದ ಮೊಂಡ್ರಾಗನ್ ಸಹಕಾರಿಗಳ ಪ್ರಸ್ತಾಪವೂ ಉಂಟು.

ಕಡೆಯ ಮೂರೂ ಇಂಗ್ಲಿಷಿನಲ್ಲಿ ಬರೆದವು. ಕಾಲೇಜು ಕಲಿತ ನಮ್ಮ ಹುಡುಗ ಹುಡುಗಿಯರು ಓದಿ, ಸಂಘದ ಕಟ್ಟೆಯ ಮೇಲೆ ಕನ್ನಡದಲ್ಲಿ ಹೇಳಲಿ. ಅಕ್ಷರ ಬಾರದ ಹಿರಿಯರಿಗೂ ಕಥೆ ಮುಟ್ಟುತ್ತದೆ.

ಅಧ್ಯಕ್ಷರಲ್ಲಿ ನನ್ನದೊಂದೇ ವಿನಂತಿ. ಹಾರ, ಶಾಲುಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಗೊಬ್ಬರದ ಗೋದಾಮಿನ ಪಕ್ಕದಲ್ಲಿ ಒಂದು ಪುಸ್ತಕದ ಕಪಾಟು ಇಡಿರಿ. ಅದರ ಕೀಲಿ ಹೆಣ್ಣುಮಕ್ಕಳ ಕೈಯಾಗ ಇರಲಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಮುಂದಿನ ಇಪ್ಪತ್ತೈದು ವರ್ಷ ಹೇಗಿರಬೇಕು ಅಂತ ಕೂಡಿ ಕನಸು ಕಾಣುವುದನ್ನೂ ನಮ್ಮ ಮಕ್ಕಳು ಕಲಿಯಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.