ಮದುವೆಯ ಯಾದಿಯಲ್ಲಿ ಬಿಟ್ಟುಹೋದ ಹೆಸರು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನನಗೆ ಕೊಟ್ಟ ವಿಷಯ ‘ಶರಣರ ಸಮಾನತೆ’. ಇದರ ಮೇಲೆ ಹತ್ತಾರು ಸಲ ಮಾತಾಡಿದ್ದೇನೆ. ಈ ಸಲ ನನ್ನ ಮನೆಯ ಸಂಗತಿಯನ್ನೇ ನಿಮ್ಮ ಮುಂದೆ ಇಡುತ್ತೇನೆ. ತಪ್ಪು ನನ್ನದು. ಅದನ್ನು ಯಾರದೋ ಕಥೆಯೆಂದು ಹೇಳಿದರೆ ಆತ್ಮವಂಚನೆಯಾದೀತು.

ಹೋದ ವರ್ಷ ಮಗಳ ಮದುವೆ ಗೊತ್ತಾಯಿತು. ನಾವು ಮೂಡಲಗಿಯವರು, ಬೀಗರು ಗೋಕಾಕದವರು. ವಚನ ಹೇಳಿಸಿ, ಅಕ್ಕಿಕಾಳಿನ ಬದಲು ಹೂವಿನ ಎಸಳು ಹಾಕಿ ಮದುವೆ ಮಾಡೋಣವೆಂದು ಎರಡೂ ಕಡೆಯವರು ಒಪ್ಪಿದೆವು. ನನಗೆ ಬಹಳ ಹೆಮ್ಮೆ.

ಒಂದು ಸಂಜೆ ಪಡಸಾಲೆಯಲ್ಲಿ ಕೂತು ಕರೆಯುವವರ ಯಾದಿ ಮಾಡತೊಡಗಿದೆವು. ಮೊದಲು ತೆಗೆದದ್ದು ಹಳೆಯ ಆಹೇರಿ ಪುಸ್ತಕ. ಯಾರು ಎಷ್ಟು ರೊಕ್ಕ ಬರೆಸಿದ್ದರು, ಯಾರು ಸೀರೆ ಕೊಟ್ಟಿದ್ದರು, ಎಲ್ಲ ಅದರಲ್ಲಿದೆ. ಆ ಹೆಸರುಗಳನ್ನು ಇಳಿಸಿಕೊಂಡೆವು. ಆಮೇಲೆ ಬೀಗರ ಬೀಗರು, ಸೊಸೈಟಿಯವರು, ಸಕ್ಕರೆ ಕಾರ್ಖಾನೆಯವರು, ಪಕ್ಷದ ಮುಖಂಡರು. ಯಾದಿ 800 ದಾಟಿತು.

ಬರೆಯುತ್ತಿದ್ದ ಮಗಳು ಪೆನ್ನು ನಿಲ್ಲಿಸಿ ಕೇಳಿದಳು: “ಅಪ್ಪಾ, ಹುಕ್ಕೇರಿ ಅತ್ತಿ ಹೆಸರು ಎಲ್ಲೈತಿ?”

ಹುಕ್ಕೇರಿಯಲ್ಲಿರುವವಳು ನನ್ನ ಒಡಹುಟ್ಟಿದ ತಂಗಿ. 22 ವರ್ಷದ ಹಿಂದೆ ದಲಿತ ಮನೆತನದ ಶಿಕ್ಷಕರೊಬ್ಬರನ್ನು ಮೆಚ್ಚಿ ಮದುವೆಯಾದಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುತ್ತಿರಲಿಲ್ಲ. ಅಪ್ಪ ಲಿಂಗೈಕ್ಯರಾದಾಗ ಗಂಡನೊಂದಿಗೆ ಬಂದು, ಅಂಗಳದಲ್ಲಿಯೇ ನಿಂತು ಹೋದಳು. “ಒಳಗ ಬಾ” ಎಂದು ನಾನು ಕರೆಯಲಿಲ್ಲ. 2020ರಲ್ಲಿ ಹಿರಿಯ ಮಗನ ಮದುವೆಯಾದಾಗ ಕೊರೊನಾ ಕಾರಣಕ್ಕೆ ಸರಕಾರ 50 ಜನರ ಮಿತಿ ಹಾಕಿತ್ತು. ನನಗೊಂದು ನೆಪ ಸಿಕ್ಕಿತ್ತು. 800 ಹೆಸರಿನ ಯಾದಿಯಲ್ಲಿ ಆ ನೆಪವೂ ಇರಲಿಲ್ಲ.

“ಬೀಗರು ಏನಂದಾರವ್ವಾ?” ಎಂದೆ.

“ವರ್ಷಾ ಬಸವ ಜಯಂತಿಗೆ ಹರಳಯ್ಯನ ಕಥಿ ಹೇಳತೀಯಲ್ಲಪ್ಪಾ. ಹರಳಯ್ಯ ನಮ್ಮ ಊರಾಗ ಇದ್ದಿದ್ರ ಯಾದ್ಯಾಗ ಹಾಕತಿದ್ಯೋ ಇಲ್ಲೋ?”

ಶರಣ ಬಂಧುಗಳೇ, ಆ ರಾತ್ರಿ ನಿದ್ದೆ ಬರಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಮನೆತನದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳನ ಆಳಿಕೆಯಲ್ಲಿ ಇಬ್ಬರೂ ತಂದೆಯರು ಎಳೆಹೂಟೆಗೆ ಗುರಿಯಾಗಿ ಪ್ರಾಣ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಇಂದು ಅಂಥ ಭಯ ಯಾವುದಿದೆ? ಜಾತಿ ಬೇರೆ ಎಂಬ ಕಾರಣಕ್ಕೆ ಮದುವೆ ಅಸಿಂಧುವಾಗದೆಂದು 1949ರಲ್ಲಿಯೇ ಕಾನೂನು ಬಂದಿದೆ. ಕಾನೂನು ಅವರನ್ನು ಗಂಡ-ಹೆಂಡತಿ ಎಂದು ಒಪ್ಪಿದರೂ ನನ್ನ ಯಾದಿ ಒಪ್ಪಿರಲಿಲ್ಲ. ಅವರು ಪ್ರಾಣ ಕೊಟ್ಟರು. ನಾನು ಬೀಗರ ಮುಖ ಸಣ್ಣದಾದೀತೆಂದು ಅಂಜಿ ಕೂತಿದ್ದೆ.

ಮರುದಿನ ಗೋಕಾಕಕ್ಕೆ ಹೋಗಿ ಬೀಗರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕರೀರಿ, ಬ್ಯಾಡ ಅನ್ನೂದಿಲ್ಲ. ಪತ್ರಿಕಾದಾಗ ಹೆಸರ ಯಾಕ್ರಿ?” ಅಂದರು.

“ಆಕಿ ನಮ್ಮ ಮನಿ ಮಗಳ್ರಿ. ಸುಖಾಗಮನ ಬಯಸುವವರ ಸಾಲಿನ್ಯಾಗ ಇಬ್ಬರ ಹೆಸರೂ ಇರತಾವು. ಒಪ್ಪಿಗಿ ಇಲ್ಲಂದ್ರ ಈಗ ಹೇಳಿಬಿಡ್ರಿ” ಎಂದೆ. ಎಲ್ಲಿ ಮಗಳ ಸಂಬಂಧ ಮುರಿದೀತೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಚಹಾ ತಂದಿಟ್ಟ ಬೀಗತಿ ಗಂಡನ ಕಡೆ ನೋಡಿ, “ಹೂವಿನ ಎಸಳ ಹಾಕೂದಕ್ಕ ಒಪ್ಪೇವಿ. ಇದಕ್ಯಾಕ ಅಂಜೂದು?” ಅಂದರು. ಬೀಗರು ತಲೆ ಹಾಕಿದರು.

ಪತ್ರಿಕೆ ಅಚ್ಚಾದ ದಿನವೇ ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು ಹುಕ್ಕೇರಿಗೆ ಹೋದೆ. ಬಾಗಿಲಲ್ಲಿ ನಿಂತ ತಂಗಿ ಕೇಳಿದಳು: “ಅಣ್ಣಾ, ಉಣ್ಣಾಕ ಕರ್ಯಾಕ ಬಂದಿಯೋ, ಮನಿಗಿ ಕರ್ಯಾಕ ಬಂದಿಯೋ?”

ಮಾತು ಹೊರಡಲಿಲ್ಲ. ಪತ್ರಿಕೆ ಬಿಚ್ಚಿ ಅವರಿಬ್ಬರ ಹೆಸರಿನ ಮೇಲೆ ಬೆರಳಿಟ್ಟೆ. ಎರಡು ಸಲ ಓದಿದಳು. ಅವಳ ಗಂಡ ಮಾತ್ರ, “ಅವತ್ತು ಅಂಗಳದಾಗ ನಿಂತಿದ್ವಿ. ಮರಿಯಾಕ ಇನ್ನಷ್ಟು ದಿನಾ ಬೇಕ್ರಿ” ಅಂದರು.

ತಂಗಿ ಎರಡು ದಿನ ಮೊದಲೇ ಮಕ್ಕಳೊಂದಿಗೆ ಬಂದು ಸೋದರಸೊಸೆಗೆ ಅರಿಷಿಣ ಹಚ್ಚಿದಳು. ಬೀಗರ ಕಡೆಯ ಒಂದೆರಡು ಮನೆಯವರು ಊಟ ಮಾಡದೆ ಹೋದರು. ಮದುವೆ ನಿಲ್ಲಲಿಲ್ಲ. ತಂಗಿಯ ಗಂಡ ಬರಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ. 22 ವರ್ಷ ಕರೆಯದವನು ಒಂದು ಸಲ ಕರೆದೊಡನೆ ಓಡಿ ಬರಬೇಕೆನ್ನಲು ನನಗೇನು ಹಕ್ಕಿದೆ?

ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರುವುದು ನಮ್ಮ ಸೀಮೆಯ ವಾಡಿಕೆ. ಅಷ್ಟು ವರ್ಷದ ಪಂಚಮಿಗಳನ್ನು ನಾನು ಕಳೆದುಕೊಂಡೆ. ಬರುವ ಪಂಚಮಿಗೆ ಇಬ್ಬರನ್ನೂ ಕರೆಯಲು ಹೋಗುವವನಿದ್ದೇನೆ. ಬರದಿದ್ದರೆ ಮುಂದಿನ ವರ್ಷ ಮತ್ತೆ ಹೋಗುತ್ತೇನೆ.

ನಿಮ್ಮಲ್ಲಿ ಹಲವರ ಮನೆಯಲ್ಲಿ ಈ ವರ್ಷ ಮದುವೆ ಇದ್ದೀತು. ಒಂದೇ ವಿನಂತಿ. ಆಹೇರಿ ಪುಸ್ತಕ ಬಿಚ್ಚುವ ಮೊದಲು, ಯಾರ ಹೆಸರು ಎತ್ತಲು ನಿಮ್ಮ ಮನೆಯಲ್ಲಿ ಅಂಜುತ್ತಾರೋ ಆ ಹೆಸರನ್ನು ಮೊದಲು ಬರೆಯಿರಿ. ಜಾತಿ ಬಿಟ್ಟು ಮದುವೆಯಾದವರಿರಬಹುದು, ಬೇರೆ ಒಳಪಂಗಡದಲ್ಲಿ ಕೊಟ್ಟು ತಂದವರಿರಬಹುದು, ಗಂಡನನ್ನು ಕಳೆದುಕೊಂಡ ಅಕ್ಕ ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಪತ್ರಿಕೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಅವರ ಹೊಸ್ತಿಲಿಗೆ ನೀವೇ ಹೋಗಿರಿ.